‘ಕಾಣಲೇ ಇಲ್ಲ’ ಅಂದರೆ ಮುಗಿಯಿತೇ? ಸೈಕಲ್ ಸವಾರರ ಸಾವಿನಲ್ಲಿ ಚಾಲಕರ ತಪ್ಪು ಅಳೆಯುವುದು ಹೀಗೆ

ವಾಹನ ಬಡಿದು ಸೈಕಲ್ ಸವಾರರೊಬ್ಬರು ಸತ್ತಾಗ ಚಾಲಕರು ಹೇಳುವ ಮಾತು ಎಷ್ಟೋ ಸಲ ಒಂದೇ: “ಅವರು ನನಗೆ ಕಾಣಲೇ ಇಲ್ಲ.” ಅದು ನಿಜವೂ ಇರಬಹುದು. ಆದರೆ ಅವರು ಕಾಣಬೇಕಿತ್ತೇ ಎಂದು ಕಾನೂನು ಕೇಳುತ್ತದೆ.

1. ಎಚ್ಚರದಿಂದಿರುವ ಹೊಣೆ ಚಾಲಕರಿಗಿತ್ತೇ?
ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಗಾಡಿ ರಸ್ತೆಗಿಳಿಸಿದ ಮೇಲೆ ಹೊಣೆ ಬಂದೇ ಬಂತು. ‘ಈಗಷ್ಟೇ ಕಲಿಯುತ್ತಿದ್ದೆ’ ಅಂದರೂ ನಡೆಯದು. 1971ರ ನೆಟಲ್‌ಶಿಪ್ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ, ಕಲಿಯುವವರನ್ನೂ ನುರಿತ ಚಾಲಕರ ಅಳತೆಗೋಲಿನಲ್ಲೇ ಅಳೆಯಿತು.

2. ಆ ಹೊಣೆಯಲ್ಲಿ ತಪ್ಪಿದರೇ?
ಗುದ್ದಾಟವೆಲ್ಲ ಇಲ್ಲೇ. ಒಂದು ಲೆಕ್ಕ ಹಾಕಿ. ಕಾರು ಗಂಟೆಗೆ 50 ಕಿ.ಮೀ., ಮುಂದೆ ಅದೇ ದಿಕ್ಕಿಗೆ ಹೋಗುತ್ತಿರುವ ಸೈಕಲ್ 20 ಕಿ.ಮೀ. ವೇಗದಲ್ಲಿವೆ. ನಡುವಿನ 100 ಮೀಟರ್ ಅಂತರ ಕರಗಲು 12 ಸೆಕೆಂಡ್ ಬೇಕು. ಸುಮ್ನೆ ಎಣಿಸಿ ನೋಡಿ, ಎಷ್ಟು ದೀರ್ಘ ಅಲ್ವಾ? ನೇರ ರಸ್ತೆಯಲ್ಲಿ ಅಷ್ಟು ಹೊತ್ತು ಸೈಕಲ್ ಕಣ್ಣಿಗೆ ಬೀಳಲಿಲ್ಲ ಅಂದರೆ, ‘ಕಾಣಲಿಲ್ಲ’ ಎಂಬ ಮಾತು ಚಾಲಕರಿಗೇ ತಿರುಗುಬಾಣವಾಗುತ್ತದೆ. ಬಿಸಿಲು ಕಣ್ಣು ಕುಕ್ಕುತ್ತಿತ್ತು ಅಂದರೂ ಅಷ್ಟೇ. ಕಾಣದಿದ್ದಾಗ ನಿಧಾನಿಸಬೇಕು. ಹಿಂದಿಕ್ಕುವಾಗ ಬಿಟ್ಟ ಅಂತರವನ್ನೂ ನೋಡಿ. ಜರ್ಮನಿಯಲ್ಲಿ ಸೈಕಲ್‌ನಿಂದ ಊರೊಳಗೆ 1.5 ಮೀಟರ್, ಹೊರಗೆ 2 ಮೀಟರ್ ಬಿಡಲೇಬೇಕು.

3. ಸಾವಿಗೆ ಆ ತಪ್ಪೇ ಕಾರಣವೇ?
ಮಿತಿಯೊಳಗಿನ ವೇಗದಲ್ಲಿದ್ದರೂ ಡಿಕ್ಕಿಯಾಗಿ ಸಾವು ಸಂಭವಿಸುತ್ತಿತ್ತು ಎಂದಾದರೆ, ಅತಿವೇಗವೊಂದನ್ನೇ ಹಿಡಿದು ಹೊಣೆ ಹೊರಿಸುವುದು ಕಷ್ಟ.

4. ಸವಾರರ ಪಾಲೆಷ್ಟು?
ರಾತ್ರಿ ದೀಪವಿಲ್ಲದೆ ಹೊರಟಿದ್ದರೆ ಹಲವು ದೇಶಗಳಲ್ಲಿ ಪರಿಹಾರ ಕಡಿಮೆಯಾಗುತ್ತದೆ. ಹಾಗಂತ ಚಾಲಕರ ತಪ್ಪು ಅಳಿಸಿಹೋಗುವುದಿಲ್ಲ. ನೆದರ್ಲೆಂಡ್ಸ್‌ನಲ್ಲಂತೂ 14 ವರ್ಷದೊಳಗಿನ ಮಕ್ಕಳ ಅಜಾಗರೂಕತೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನನಗೆ ಇದೇ ಸರಿ ಅನಿಸುತ್ತದೆ. ಟನ್ ತೂಕದ ಗಾಡಿ ಇರುವುದು ಯಾರ ಕೈಯಲ್ಲಿ?

5. ಸಾಕ್ಷ್ಯ ಕೂಡಿಹಾಕಿ
ಕೊನೆಗೆ ಬರೆದಿದ್ದೇನೆ, ಆದರೆ ಮೊದಲು ಮಾಡಬೇಕಾದ ಕೆಲಸ ಇದು. ಸತ್ತವರು ಬಂದು ತಮ್ಮ ಕಥೆ ಹೇಳಲಾರರು. ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಹೊಸವು ಬಂದು ಕೂರುತ್ತವೆ, ಟೈರಿನ ಗುರುತು ಮಳೆಗೆ ಹೋಗುತ್ತದೆ. ಇವನ್ನೂ ಚಾಲಕರ ಫೋನ್ ಬಳಕೆಯ ದಾಖಲೆಯನ್ನೂ ಉಳಿಸುವಂತೆ ವಕೀಲರ ಮೂಲಕ ಕೂಡಲೇ ಲಿಖಿತವಾಗಿ ಕೇಳಿ. ಸೈಕಲ್ಲನ್ನು ಗುಜರಿಗೆ ಹಾಕಬೇಡಿ, ನೆಟ್ಟಗೆ ಮಾಡಿಸಲೂ ಬೇಡಿ. ಪೆಟ್ಟು ಯಾವ ಕಡೆಯಿಂದ ಬಿತ್ತು ಎಂಬುದಕ್ಕೆ ಬಾಗಿದ ಹಿಂದಿನ ಚಕ್ರವೇ ಸಾಕ್ಷಿಯಾಗಬಹುದು.