ತೊಳೆದ ಮೇಲೆ ಕೆಟ್ಟ ಕಾರ್ಬುರೇಟರ್: ನನ್ನ ಪದ್ಮಿನಿ ಐಡ್ಲಿಂಗಿಗೆ ಬಂದ ಕಥೆ

ಎಂಜಿನ್ ಇಳಿಸಿ ಬೋರ್ ಮಾಡಿಸದೆ, ಅಂದರೆ ಸವೆದ ಸಿಲಿಂಡರುಗಳನ್ನು ಕೊರೆಸಿ ಸರಿ ಮಾಡಿಸದೆ, ಈ ಗಾಡಿ ನೆಟ್ಟಗಾಗುವುದಿಲ್ಲ ಎಂದು ಮೂವರು ಮೇಸ್ತ್ರಿಗಳು ಹೇಳಿದ್ದರು. ನಾಲ್ಕನೆಯವರು ನಮ್ಮ ಚಿಕ್ಕಪ್ಪ. ಅವರು ಮೇಸ್ತ್ರಿಯಲ್ಲ, ಆದರೂ ಹೇಳಿದರು. ಎಂಜಿನ್ ಇನ್ನೂ ಇಳಿದಿಲ್ಲ. ಗಾಡಿ ಈಗ ಅಂಗಳದಲ್ಲಿ ಕಾಲು ಗಂಟೆ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆಯೂ ಎಂಜಿನ್ ಆಫ್ ಆಗದೆ, ನಿಲ್ಲುತ್ತದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ಗಾಡಿ 1986ರ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಸೋಲೆಕ್ಸ್ ಕಾರ್ಬುರೇಟರ್, ಗೇರ್ ಸ್ಟೀರಿಂಗಿನ ಪಕ್ಕದಲ್ಲಿ. ಅಪ್ಪ ಓಡಿಸುವುದನ್ನು ಬಿಟ್ಟ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಹನ್ನೊಂದು ಮಳೆಗಾಲ ಕಳೆಯಿತು. ಏರ್ ಕ್ಲೀನರ್ ಬಿಚ್ಚಿದರೆ ಒಳಗೆ ಅಡಿಕೆ ಸಿಪ್ಪೆ ಮತ್ತು ಹಳೆಯ ಪೇಪರ್ ಚೂರುಗಳ ಇಲಿಗೂಡು.

ಹಿಡಿದುಕೊಂಡಿದ್ದ ಎಂಜಿನ್ ಬಿಡಿಸಿದ್ದನ್ನು ಉದ್ದ ಮಾಡುವುದಿಲ್ಲ. ಪ್ಲಗ್ ತೆಗೆದು ಸಿಲಿಂಡರುಗಳಿಗೆ ಒಂದು ಮಿಶ್ರಣ ಸುರಿದು ಒಂಬತ್ತು ದಿನ ಬಿಟ್ಟೆ. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದೆ ಮುಂದೆ ತಳ್ಳಿದಾಗ ಹತ್ತನೆಯ ದಿನ ತಿರುಗಿತು. ಮಿಶ್ರಣ ಏನೆಂಬುದು ನನ್ನ ಬಳಿಯೇ ಇರಲಿ.

ಟ್ಯಾಂಕಿನ ವಿಷಯದಲ್ಲಿ ಮಾತ್ರ ನನ್ನ ಬುದ್ಧಿವಂತಿಕೆ ಕೈಕೊಟ್ಟಿತು. ಹುಣಸೆಹಣ್ಣಿಗೆ ಹಿತ್ತಾಳೆ ಪಾತ್ರೆ ಹೊಳೆಯುವುದಾದರೆ ಟ್ಯಾಂಕಿನ ತುಕ್ಕು ಏಕೆ ಹೋಗಬಾರದು ಎಂದು ಎರಡು ಕಿಲೋ ಹುಣಸೆಹಣ್ಣು ಕಿವುಚಿ ಹಾಕಿದೆ. ತುಕ್ಕು ನಿಜಕ್ಕೂ ಬಿಟ್ಟಿತು. ಆದರೆ ನಾರು ಒಳಗೇ ಉಳಿದು, ಪೈಪಿನ ಬಾಯಿಗೆ ಸಿಕ್ಕಿ, ಟ್ಯಾಂಕನ್ನು ಮೂರು ಸಲ ಇಳಿಸಬೇಕಾಯಿತು. ಕೊನೆಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಹಿಡಿಯಷ್ಟು ನಟ್ಟು, ಅಡುಗೆ ಸೋಡಾ ನೀರು, ಒಂದು ದಿನದ ಬಿಸಿಲು. ಖರ್ಚು ಮುನ್ನೂರು ದಾಟಲಿಲ್ಲ. ಹುಣಸೆಹಣ್ಣಿನ ದುಡ್ಡನ್ನು ನನ್ನ ಹೆಂಡತಿ ಬೇರೆಯಾಗಿಯೇ ಲೆಕ್ಕ ಇಟ್ಟಿದ್ದಾಳೆ.

ಇನ್ನು ಮುಖ್ಯ ವಿಷಯ. ಮೊದಲ ದಿನ ಕಾರ್ಬುರೇಟರಿನ ಮುಚ್ಚಳ ತೆಗೆದು ಜೆಟ್‌ಗಳಿಗೆ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗಗಳಿಗೆ) ಗಾಳಿ ಊದಿದ್ದೆ, ಅಷ್ಟೇ. ಬಾಟಲಿಯಿಂದ ಪೆಟ್ರೋಲ್ ಇಳಿಸಿ ಸ್ಟಾರ್ಟ್ ಮಾಡಿದಾಗ ಗಾಡಿ ನಡುಗುತ್ತಲೇ ಐಡ್ಲಿಂಗಿನಲ್ಲಿ ನಿಂತಿತು. ಇಷ್ಟು ಚೆನ್ನಾಗಿದೆ, ಪೂರ್ತಿ ತೊಳೆದರೆ ಇನ್ನೂ ಚೆನ್ನಾಗುತ್ತದೆ ಎಂದು ಇಡೀ ಕಾರ್ಬುರೇಟರನ್ನು ರಾತ್ರಿಯಿಡೀ ಥಿನ್ನರಿನಲ್ಲಿ ಮುಳುಗಿಸಿಟ್ಟೆ. ಹೊಸದರಂತೆ ಹೊಳೆಯಿತು. ಮರುದಿನ ಜೋಡಿಸಿದರೆ ಐಡ್ಲಿಂಗ್ ಪೂರ್ತಿ ಹೋಗಿತ್ತು! ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಆಫ್. ಕಾಲು ಇಟ್ಟರೆ ಏನೂ ಆಗದವರಂತೆ ಓಡುತ್ತದೆ.

ಆಮೇಲಿನ ಎರಡು ತಿಂಗಳು ದುಡ್ಡಿನ ಕಥೆ. ಪಾಯಿಂಟ್, ಕಂಡೆನ್ಸರ್, ಪ್ಲಗ್, ವೈರುಗಳಿಗೆ ಸುಮಾರು 1,800. ಎಂಜಿನ್ ಆಯಿಲಿನಲ್ಲಿ ಪೆಟ್ರೋಲ್ ವಾಸನೆ ಬಂದದ್ದರಿಂದ ಗಾಡಿಯೊಳಗಿನ ಪೆಟ್ರೋಲ್ ಪಂಪಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ತೆಳು ಪೊರೆ) ಹರಿದಿರುವುದು ಗೊತ್ತಾಯಿತು. ಅದಕ್ಕೂ ಆಯಿಲಿಗೂ ಸೇರಿ 2,000 ಹತ್ತಿರ. ಎಥನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ತಡೆಯುವುದಿಲ್ಲವಾದ್ದರಿಂದ ಪೈಪುಗಳನ್ನೂ ಬದಲಿಸಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ 3,800ಕ್ಕೆ ನಕಲಿ ಕಾರ್ಬುರೇಟರ್ ಒಂದನ್ನು ತಂದೆ. ಅದರ ಬುಡವನ್ನು ಗಾಜಿನ ಮೇಲಿಟ್ಟರೆ ಅಡಿಯಿಂದ ಬೆಳಕು ಕಾಣುತ್ತಿತ್ತು. ಎಮರಿ ಪೇಪರಿನಲ್ಲಿ ಉಜ್ಜಿ ಸಮ ಮಾಡಿ ಕೂರಿಸಿದರೂ ಹೊಗೆ ಬಿಟ್ಟಿತೇ ಹೊರತು ಐಡ್ಲಿಂಗಿನಲ್ಲಿ ನಿಲ್ಲಲಿಲ್ಲ.

ಬೋರ್ ಕೆಲಸಕ್ಕೆ ಮೇಸ್ತ್ರಿ ಹೇಳಿದ್ದು 45,000. ಹನ್ನೊಂದು ವರ್ಷ ನಿಂತ ಗಾಡಿಯ ಪಿಸ್ಟನ್ ರಿಂಗ್ ತುಕ್ಕು ಹಿಡಿಯದೆ ಇರುತ್ತದೆಯೇ ಎಂಬುದು ಅವರ ವಾದ. ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಎರವಲು ತಂದು ನೋಡಿದೆ. ಮೊದಲಿಗೆ ಮೂರನೆಯ ಸಿಲಿಂಡರ್ 60 ಪಿಎಸ್‌ಐ ಆಸುಪಾಸು, ವಾಲ್ವ್ ಹಿಡಿದಿತ್ತು. ಅದು ಬಿಟ್ಟ ಮೇಲೆ ನಾಲ್ಕೂ 110ರಿಂದ 120, ಅಂದರೆ ಬೋರ್ ಬೇಕಾಗುವಷ್ಟು ಕೆಟ್ಟಿಲ್ಲ. ತೋರಿಸಿದರೆ, "ಗೇಜ್ ಏನು ಹೇಳುತ್ತದೆ ಮಾರಾಯರೇ, ಶಬ್ದ ಕೇಳಿ" ಎಂದರು.

ಗುಟ್ಟು ಬಿಟ್ಟುಕೊಟ್ಟದ್ದು ಗ್ರೀಸ್. ಹಳೆಯ ಕಾರ್ಬುರೇಟರನ್ನೇ ಮತ್ತೆ ಹಾಕಿದ್ದೆ. ಆಕ್ಸಿಲರೇಟರ್ ಸ್ವಲ್ಪ ಬಿಗಿ ಎನಿಸಿ ಬಟರ್‌ಫ್ಲೈ (ಕಾರ್ಬುರೇಟರಿನಲ್ಲಿ ಗಾಳಿಯ ದಾರಿ ತೆರೆದು ಮುಚ್ಚುವ ದುಂಡು ತಗಡು) ತಿರುಗುವ ಶಾಫ್ಟಿನ ಎರಡೂ ತುದಿಗೆ ದಪ್ಪಗೆ ಗ್ರೀಸ್ ಮೆತ್ತಿದೆ. ಸ್ಟಾರ್ಟ್ ಮಾಡಿದರೆ ಗೇರ್ ಲಿವರ್ ನಡುಗುತ್ತಿಲ್ಲ! ಈ ಗಾಡಿಯಲ್ಲಿ ಅದೇ ನನ್ನ ಮೀಟರ್. ಏಳೆಂಟು ನಿಮಿಷ ಹಾಗೆ ನಿಂತು, ಗ್ರೀಸ್ ಒಳಕ್ಕೆ ಎಳೆದುಕೊಂಡ ಮೇಲೆ ಮತ್ತೆ ಹಳೆಯ ಪಾಡು. ಶಾಫ್ಟನ್ನು ಹಿಡಿದು ಅಲ್ಲಾಡಿಸಿದರೆ ಅರ್ಧ ಮಿಲಿಮೀಟರಿನಷ್ಟು ಆಟ ಇತ್ತು. ಗಾಳಿ ಅಲ್ಲಿಂದ ನುಗ್ಗಿ, ಐಡ್ಲಿಂಗಿಗೆ ಬೇಕಾದ ಪೆಟ್ರೋಲ್-ಗಾಳಿಯ ಲೆಕ್ಕ ತಪ್ಪುತ್ತಿತ್ತು. ಅಷ್ಟು ವರ್ಷಗಳ ಮಸಿ, ಅಂಟು ಸೇರಿ ಆ ಸಂದನ್ನು ಮುಚ್ಚಿದ್ದವು. ಥಿನ್ನರಿನಲ್ಲಿ ತೊಳೆದು ಬಾಗಿಲು ತೆರೆದವನು ನಾನೇ. ಅಪ್ಪ ಐಡ್ಲಿಂಗ್ ಸ್ಕ್ರೂವನ್ನು ಏಕೆ ಅಷ್ಟು ಏರಿಸಿಟ್ಟಿದ್ದರು ಎಂಬುದೂ ಆಗ ಅರ್ಥವಾಯಿತು. ಶಾಫ್ಟ್ ಸವೆದದ್ದು ಕೊಟ್ಟಿಗೆಯಲ್ಲಲ್ಲ, ರಸ್ತೆಯಲ್ಲಿ.

ಶಾಫ್ಟಿನ ತೂತುಗಳನ್ನು ಕೊರೆಸಿ ಬುಷ್ (ಒಳಗೆ ಕೂರುವ ಸಣ್ಣ ಕೊಳವೆ) ಹಾಕಿಸುತ್ತೇನೆ ಎಂದಾಗ ಎಲ್ಲರೂ ನಕ್ಕರು. ಬಾಡಿ ಮೆತ್ತನೆಯ ಲೋಹ, ಡ್ರಿಲ್ ಓರೆಯಾದರೆ ಕಾರ್ಬುರೇಟರ್ ಗುಜರಿಗೆ. ಶಿವಮೊಗ್ಗದ ಇಬ್ಬರು ಲೇತ್‌ನವರು ಮುಟ್ಟಲೂ ಒಪ್ಪಲಿಲ್ಲ. ಮೂರನೆಯವರು, ಹಾಳಾದರೆ ಕೇಳಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು. ಬಟರ್‌ಫ್ಲೈ ಸ್ಕ್ರೂಗಳ ತುದಿಯನ್ನು ಹಿಂದೆ ಬಡಿದು ಅಗಲ ಮಾಡಿರುತ್ತಾರೆ. ಅದನ್ನು ಅರದಿಂದ ತೆಗೆಯದೆ ತಿರುಗಿಸಿದರೆ ಸ್ಕ್ರೂ ಒಳಗೇ ಮುರಿಯುತ್ತದೆ, ನನ್ನದೊಂದು ಮುರಿಯಿತು. ಬಟರ್‌ಫ್ಲೈಗೂ ಮೇಲು ಕೆಳಗು ಇದೆ, ಗೀರಿ ಗುರುತು ಮಾಡಿಕೊಳ್ಳಿ. ಎರಡೂ ಕಡೆಯ ತೂತುಗಳನ್ನು ಒಂದೇ ಗೆರೆಗೆ ತರಲು ನಾನು ಮಾಡಿಕೊಂಡ ಹಿಡಿಕೆ ಹೇಗಿತ್ತು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೆ ಮೂರು ಭಾನುವಾರ ಹೋಗಿವೆ. ಹಿತ್ತಾಳೆ ಬುಷ್, ಸುಮಾರು 8 ಮಿಲಿಮೀಟರಿನ ಹೊಸ ಶಾಫ್ಟ್, ಕೂಲಿ ಎಲ್ಲ ಸೇರಿ 650 ರೂಪಾಯಿ. ಬಟರ್‌ಫ್ಲೈಯನ್ನು ನಾಲ್ಕೈದು ಸಲ ಟಪ್ಪೆಂದು ಮುಚ್ಚಿ, ತಾನೇ ಮಧ್ಯಕ್ಕೆ ಕೂತ ಮೇಲೆ ಸ್ಕ್ರೂ ಬಿಗಿದೆ.

ಮೊದಲ ಸ್ಟಾರ್ಟಿಗೇ ಐಡ್ಲಿಂಗಿನಲ್ಲಿ ನಿಂತಿತು. ಐಡ್ಲಿಂಗ್ ಸ್ಕ್ರೂವನ್ನು ಎರಡು ಸುತ್ತು ಇಳಿಸಿದೆ. ಆಮೇಲೆ ಆಸೆ ಹೆಚ್ಚಾಗಿ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಸ್ಲೋ ಜೆಟ್ ಒಂದು ಸೈಜ್ ಚಿಕ್ಕದು ಹಾಕಿ ನೋಡಿದೆ. ಬೆಳಗಿನ ಚಳಿಯಲ್ಲಿ ಕೆಮ್ಮಿತು, ಹಳೆಯದನ್ನೇ ಹಾಕಿದೆ. ಮೈಲೇಜ್ ಹನ್ನೊಂದರಿಂದ ಹದಿಮೂರರ ಹತ್ತಿರ ಬಂದಿರಬೇಕು.

ಚಿಕ್ಕಪ್ಪ ಬಂದು ಬಾನೆಟ್ ಮೇಲೆ ಕೈ ಇಟ್ಟು ನೋಡಿ, "ಬೋರ್ ಯಾವಾಗ ಮಾಡಿಸಿದೆ?" ಎಂದು ಕೇಳಿದರು. 3,800ರ ನಕಲಿ ಕಾರ್ಬುರೇಟರ್ ಇನ್ನೂ ಡಬ್ಬಿಯಲ್ಲೇ ಇದೆ, ಯಾರಿಗಾದರೂ ಬೇಕಿದ್ದರೆ ಸಾವಿರಕ್ಕೆ ಕೊಡುತ್ತೇನೆ.