ಟೇಪು, ಕೊಡ ಹಿಡಿದು ಕಾಂಪ್ಯಾಕ್ಟ್ ಎಸ್‌ಯುವಿ ಆರಿಸಿದ್ದು: ನನ್ನ ಅನುಭವ

ನಮ್ಮ ಹಳೆ ಕಾರಿನ ಆಯಿಲ್ ಚೇಂಬರ್ ಒಡೆದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ಮನೆ ಇರುವುದು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ. ಕುಸುಗಲ್ ದಾಟಿ ನವಲಗುಂದ ರಸ್ತೆ ಹಿಡಿಯಬೇಕು, ಆಮೇಲೆ ಹೆದ್ದಾರಿ ಬಿಟ್ಟು ಆರು ಕಿಲೋಮೀಟರ್ ಒಳಗೆ ಹೋಗಬೇಕು. ಹೋಗಿ ಬರಲು ದಿನಕ್ಕೆ 56 ಕಿಲೋಮೀಟರ್. ಹೆದ್ದಾರಿಗೆ ಯಾವ ಗಾಡಿಯಾದರೂ ನಡೆಯುತ್ತದೆ. ತ್ರಾಸು ಇರುವುದು ಆ ಆರು ಕಿಲೋಮೀಟರ್‌ನಲ್ಲಿ.

ಅದು ಎರೆ ಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಬಿರುಕು ಬಿಡುತ್ತದೆ. ಮೇಲೆ ಡಾಂಬರು ಹಾಕಿದರೂ ಎರಡು ಮಳೆಗಾಲದಲ್ಲಿ ರಸ್ತೆ ಅಲೆಅಲೆ ಆಗುತ್ತದೆ. ಡಾಂಬರು ಇಲ್ಲದ ಕಡೆ ಟ್ರ್ಯಾಕ್ಟರ್ ಓಡಾಡಿ ಆಳವಾದ ಜಾಡು ಬೀಳುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಸಾಕು, ಎರಡು ಜಾಡಿನ ನಡುವಿನ ದಿಬ್ಬ ಕಲ್ಲಾಗುತ್ತದೆ. ಅವತ್ತು ಆ ದಿಬ್ಬಕ್ಕೇ ನಮ್ಮ ಗಾಡಿಯ ಹೊಟ್ಟೆ ಬಡಿಯಿತು. ಕೆಂಪು ದೀಪ ಹತ್ತಿತು. ಇಳಿದು ನೋಡಿದರೆ ಕರಿ ಮಣ್ಣಿನ ಮೇಲೆ ಕರಿ ಎಣ್ಣೆ, ಗುರುತೇ ಸಿಗದ ಹಾಗೆ ಹರಿದಿತ್ತು. ಪುಣ್ಯಕ್ಕೆ ಎಂಜಿನ್ ಕೂಡಲೇ ಬಂದ್ ಮಾಡಿದ್ದೆ. ಎಣ್ಣೆ ಇಲ್ಲದೆ ಇನ್ನೊಂದು ಕಿಲೋಮೀಟರ್ ಓಡಿಸಿದ್ದರೆ ಎಂಜಿನ್ನೇ ಜಾಮ್ ಆಗುತ್ತಿತ್ತು.

ಅವತ್ತು ಸಂಜೆ ಮನೆಯಲ್ಲಿ ಮಾತು ಶುರುವಾಯಿತು. ಎತ್ತರದ ಗಾಡಿ ಬೇಕು. ಆದರೆ ನಮ್ಮ ಓಣಿಯಲ್ಲಿ ತಿರುಗುವಷ್ಟು ಚಿಕ್ಕದಿರಬೇಕು. ಅಂದರೆ ನಾಲ್ಕು ಮೀಟರ್ ಒಳಗಿನ ಎಸ್‌ಯುವಿ.

ಈ ನಾಲ್ಕು ಮೀಟರ್ ಲೆಕ್ಕ ಬಂದದ್ದು ತೆರಿಗೆಯಿಂದ. ಉದ್ದ ನಾಲ್ಕು ಮೀಟರ್ ದಾಟಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ 1500 ಸಿಸಿ ದಾಟಬಾರದು. ಆಗ ತೆರಿಗೆ ಕಡಿಮೆ. ಉದ್ದ ಒಂದೇ ಸಾಲದು. ಮಾರುತಿ ಬ್ರೆಝಾ 3995 ಮಿಲಿಮೀಟರ್ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ, ಹಾಗಾಗಿ ಅದು ದೊಡ್ಡ ಗಾಡಿಗಳ ತೆರಿಗೆಗೇ ಸೇರುತ್ತದೆ. ನಾನು ಕೊಂಡಾಗ ಚಿಕ್ಕ ಡೀಸೆಲ್ ಗಾಡಿಗೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 31 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 18ಕ್ಕೆ ಇಳಿದಿದೆ. ಈಗ ಕೊಳ್ಳುವವರಿಗೆ ಒಳ್ಳೆಯ ಕಾಲ. ನಮ್ಮ ರಾಜ್ಯದ ರಸ್ತೆ ತೆರಿಗೆಯನ್ನು ಮಾತ್ರ ಮರೆಯಬೇಡಿ. ಗಾಡಿಯ ಬೆಲೆ 10 ಲಕ್ಷ ದಾಟಿತೆಂದರೆ ತೆರಿಗೆ ಶೇ. 14ರಿಂದ 17ಕ್ಕೆ ಏರುತ್ತದೆ, ಅದರ ಮೇಲೆ ಸೆಸ್ ಬೇರೆ. ಶೋರೂಮಿನಲ್ಲಿ ಹೇಳುವ ಬೆಲೆ ಕೇಳಿ ಖುಷಿಪಡದೆ ಆನ್‌ರೋಡ್ ಬೆಲೆ ಬರೆಸಿಕೊಳ್ಳಿ.

ಮೂರು ಗಾಡಿ ಆರಿಸಿಕೊಂಡೆವು. ಯಾವುವು ಎಂದು ಹೇಳುವುದಿಲ್ಲ, ಯಾಕೆಂದರೆ ನಿಮ್ಮ ಮನೆಯ ಜನ ಬೇರೆ, ದಾರಿ ಬೇರೆ. ನಾನು ಹೇಗೆ ನೋಡಿದೆ ಅನ್ನುವುದನ್ನು ಹೇಳುತ್ತೇನೆ.

ಮೊದಲು ನೋಡಿದ್ದು ಅತ್ತೆಯ ಮಂಡಿ. ಅವರಿಗೆ ಎಪ್ಪತ್ತೆರಡು ವರ್ಷ, ಎರಡೂ ಮಂಡಿ ನೋವು. ಹಳೆ ಕಾರಿನಿಂದ ಏಳಬೇಕಾದರೆ ಇಬ್ಬರು ಕೈ ಹಿಡಿಯಬೇಕಿತ್ತು. ಮನೆಯಲ್ಲಿ ಅವರು ಆರಾಮಾಗಿ ಕೂತು ಏಳುವ ಕುರ್ಚಿಯ ಎತ್ತರವನ್ನು ಹೊಲಿಗೆ ಟೇಪಿನಿಂದ ಅಳೆದೆ. 18 ಇಂಚು. ಅದೇ ಟೇಪು ಹಿಡಿದು ಅವರನ್ನೂ ಕರೆದುಕೊಂಡು ಮೂರೂ ಶೋರೂಮಿಗೆ ಹೋದೆ. ನೆಲದಿಂದ ಸೀಟಿನ ತನಕ ಅಳೆದು ಬರೆದುಕೊಂಡೆ. ಎಸ್‌ಯುವಿ ಅಂದರೆ ಎಲ್ಲವೂ ಎತ್ತರ, ಎಲ್ಲವೂ ಒಂದೇ ಅಂದುಕೊಂಡಿದ್ದೆ. ಹಾಗಿಲ್ಲ. ಒಂದರಲ್ಲಿ ಸೀಟು ಸರಿಯಾಗಿತ್ತು, ಆದರೆ ಬಾಗಿಲ ಕೆಳಗಿನ ಪಟ್ಟಿ ಅಗಲ. ಇಳಕಲ್ ಸೀರೆಯಲ್ಲಿ ಕಾಲು ಅಷ್ಟು ದೂರ ಚಾಚುವುದು ಅವರಿಗೆ ಆಗಲಿಲ್ಲ, ಸೆರಗು ಬೇರೆ ಸಿಕ್ಕಿಕೊಂಡಿತು. ಇನ್ನೊಂದರಲ್ಲಿ ಹಿಂದಿನ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಮೂರನೆಯದರಲ್ಲಿ ಹಿಂದೆ ಸರಿದು ಕೂತರು, ಕಾಲು ಒಳಗೆ ಎತ್ತಿಕೊಂಡರು, ಅಷ್ಟೇ.

"ಮನಿ ಮುಂದಿನ ಕಟ್ಟಿ ಮ್ಯಾಲ ಕುಂತಂಗ ಆಗ್ತೈತಿ ನೋಡವಾ," ಅಂದರು.

ಕಾಂಪ್ಯಾಕ್ಟ್ ಎಸ್‌ಯುವಿಯ ದೊಡ್ಡ ಗುಣ ಇದೇ ಎಂದು ನನಗೆ ಈಗಲೂ ಅನಿಸುತ್ತದೆ. ಗುಡ್ಡ ಹತ್ತುವುದು, ಕಾಡಿಗೆ ಹೋಗುವುದು ಎಲ್ಲ ಜಾಹೀರಾತಿನಲ್ಲಿ. ವಯಸ್ಸಾದವರು ಯಾರ ಕೈಯೂ ಹಿಡಿಯದೆ ಇಳಿದು ಸಿದ್ಧಾರೂಢ ಮಠಕ್ಕೆ ನಡೆದು ಹೋಗುತ್ತಾರಲ್ಲ, ಅದಕ್ಕೆ ಎಷ್ಟು ದುಡ್ಡು ಕೊಟ್ಟರೂ ಕಡಿಮೆ.

ಇನ್ನು ಟೆಸ್ಟ್ ಡ್ರೈವ್. ಒಂದು ಶೋರೂಮಿನ ಹುಡುಗ, "ಮೇಡಂ, ರೂಟ್ ಫಿಕ್ಸ್ ಐತ್ರೀ, ಗೋಕುಲ ರೋಡ್ ಒಂದು ರೌಂಡ್ ಅಷ್ಟ," ಅಂದ. ಗೋಕುಲ ರಸ್ತೆಯಲ್ಲಿ ನನ್ನ ಹಳೆ ಕಾರೂ ಚೆನ್ನಾಗಿಯೇ ಓಡುತ್ತಿತ್ತು! ನಾನು ಒಪ್ಪಲಿಲ್ಲ. ಇನ್ನೊಂದು ಕಡೆ ಮ್ಯಾನೇಜರ್ ಜೊತೆ ಮಾತಾಡಿದೆ, ಭಾನುವಾರ ಬೆಳಗ್ಗೆ ಗಾಡಿ ಕೊಟ್ಟರು. ನಾನು, ಮನೆಯವರು, ಇಬ್ಬರು ಮಕ್ಕಳು, ಶೋರೂಮಿನ ಹುಡುಗ, ಹಿಂದೆ ಡಿಕ್ಕಿಯಲ್ಲಿ 50 ಕೆಜಿ ಜೋಳದ ಚೀಲ. ಸೀದಾ ಶಾಲೆ ದಾರಿಗೆ ಹೋದೆವು.

ಚೀಲ ಯಾಕೆ ಅಂದರೆ, ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಯ ಎತ್ತರ, 190, 200, 208 ಮಿಲಿಮೀಟರ್ ಎಂದು ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ಖಾಲಿ ಗಾಡಿಯ ಲೆಕ್ಕ. ಐದು ಜನ ಕೂತರೆ ಸ್ಪ್ರಿಂಗ್ ಕುಗ್ಗುತ್ತದೆ, ಹೊಟ್ಟೆ ಕೆಳಗೆ ಬರುತ್ತದೆ. ಹಿಂದಿನ ಟೈರು ಮತ್ತು ಅದರ ಮೇಲಿನ ಕಮಾನಿನ ನಡುವೆ ಖಾಲಿ ಇದ್ದಾಗ ನನ್ನ ಬೆರಳು ಐದು ಅಡ್ಡ ಹಿಡಿಸುತ್ತಿದ್ದವು. ಎಲ್ಲರೂ ಕೂತು ಚೀಲ ಇಟ್ಟ ಮೇಲೆ ಮೂರು. ಅಷ್ಟಾದರೂ ಆ ದಿಬ್ಬಕ್ಕೆ ಹೊಟ್ಟೆ ತಾಗಲಿಲ್ಲ. ಒಂದು ಸಲವೂ ತಾಗಲಿಲ್ಲ. ಜಾಡಿನಿಂದ ಮೇಲೆ ಹತ್ತಿ ಬಂದಾಗ ನಾನು ಗಾಡಿ ನಿಲ್ಲಿಸಿ ಇಳಿದು ನೋಡಿದೆ, ನಂಬಿಕೆ ಬರಲಿಲ್ಲ.

ಡೀಸೆಲ್ ತಗೊಂಡೆವು. ಆಗ ಪೆಟ್ರೋಲ್ ಲೀಟರಿಗೆ 102 ರೂಪಾಯಿ ಆಸುಪಾಸು, ಡೀಸೆಲ್ 88ರ ಆಸುಪಾಸು, ಮೇಲಾಗಿ ಡೀಸೆಲ್ ಗಾಡಿಗೆ ಮೈಲೇಜೂ ಜಾಸ್ತಿ. ತಿಂಗಳಿಗೆ 1500 ಕಿಲೋಮೀಟರ್ ಓಡಿದರೆ, ರಜೆಯ ಎರಡು ತಿಂಗಳು ಬಿಟ್ಟು, ವರ್ಷಕ್ಕೆ ಹತ್ತಿರಹತ್ತಿರ 32 ಸಾವಿರ ಉಳಿಯುತ್ತಿತ್ತು. ಗಾಡಿಯ ಬೆಲೆಯಲ್ಲಿ ವ್ಯತ್ಯಾಸ 1.3 ಲಕ್ಷ. ನಾಲ್ಕು ವರ್ಷಕ್ಕೆ ಸರಿಹೋಗುತ್ತದೆ. ನಾನು ಹತ್ತು ವರ್ಷ ಇಟ್ಟುಕೊಳ್ಳುವವಳು.

ಆದರೆ ಡೀಸೆಲ್‌ನ ಒಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದಾಗ ಅದು ಕಾಯ್ದು ಒಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಶಾಲೆ ಇದ್ದಾಗ ದಿನಾ ನವಲಗುಂದ ರಸ್ತೆ ಓಡುವ ಗಾಡಿಗೆ ಏನೂ ಆಗಲಿಲ್ಲ. ಮೊದಲ ವರ್ಷದ ಬೇಸಿಗೆ ರಜೆಯಲ್ಲಿ ಮನೆಯವರು ಅದನ್ನು ದಿನಾ ದುರ್ಗದಬೈಲ್ ಹತ್ತಿರದ ಅಂಗಡಿಗೆ ಒಯ್ದರು. ಮೂರು ಕಿಲೋಮೀಟರ್ ಹೋಗೋದು, ಟ್ರಾಫಿಕ್‌ನಲ್ಲಿ ನಿಲ್ಲೋದು, ಬಂದ್ ಮಾಡೋದು. ಮೇ ತಿಂಗಳಲ್ಲಿ ಹಳದಿ ದೀಪ ಹತ್ತಿತು. ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿದರೆ ಬಿಚ್ಚಿ ಸ್ವಚ್ಛ ಮಾಡಬೇಕು, ಎರಡು ದಿನ ಗಾಡಿ ಬಿಡಿ ಅಂದರು. ನಾನು ಗಾಡಿಯ ಜೊತೆ ಕೊಟ್ಟ ಪುಸ್ತಕ ತೆಗೆದು ಓದಿದೆ. ಮರುದಿನ ಬೆಳಗ್ಗೆ ಆರಕ್ಕೆ ಗದಗ ರಸ್ತೆ ಹಿಡಿದು ಅಣ್ಣಿಗೇರಿ ತನಕ ಹೋದೆ. ಗೇರನ್ನು ಒಂದು ಹಂತ ಕೆಳಗೇ ಇಟ್ಟು, ಎಂಜಿನ್ ನಿಮಿಷಕ್ಕೆ 2000 ಸುತ್ತಿಗಿಂತ ಕೆಳಗೆ ಬಾರದ ಹಾಗೆ, ನಿಲ್ಲಿಸದೆ ಓಡಿಸಿದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ದೀಪ ಆರಿತು. ಬಿಸಿಯಾದ ಲೋಹದ ವಾಸನೆ ಸ್ವಲ್ಪ ಬಂತು, ಅದು ಸಹಜ. ಅಲ್ಲಿಂದ ಇಲ್ಲಿಗೆ ರಜೆಯಲ್ಲಿ ಹದಿನೈದು ದಿನಕ್ಕೊಮ್ಮೆ ಗದಗ ರಸ್ತೆಗೆ ಹೋಗಿಯೇ ಬರುತ್ತೇನೆ. ನಿಮ್ಮ ಓಡಾಟ ಬರೀ ಊರೊಳಗೆ ಅಂದರೆ ದಯವಿಟ್ಟು ಡೀಸೆಲ್ ಬೇಡ.

ಈಗ ಕೊರತೆಗಳ ಮಾತು. ಅದರಲ್ಲಿ ಒಂದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನನ್ನ ಎತ್ತರ ಐದು ಅಡಿ. ಎತ್ತರದ ಗಾಡಿಯಲ್ಲಿ ಕೂತರೆ ದೂರದ ರಸ್ತೆ ಚೆನ್ನಾಗಿ ಕಾಣುತ್ತದೆ, ಆ ಧೈರ್ಯ ನಿಜ. ಆದರೆ ಬಾನೆಟ್ಟೂ ಎತ್ತರ. ಹೊಸ ಗಾಡಿ ಶಾಲೆಗೆ ಒಯ್ದ ದಿನ ಮಕ್ಕಳೆಲ್ಲ ಸುತ್ತ ಮುತ್ತಿದರು. "ಅಕ್ಕೋರ, ಎಷ್ಟ್ ಎತ್ತರ ಐತ್ರೀ!" ಎಂದು ಒಬ್ಬೊಬ್ಬರೂ ಮುಟ್ಟಿ ನೋಡಿದರು. ಸಂಜೆ ಹೊರಡುವಾಗ ಗಾಡಿ ಶುರು ಮಾಡಿ ಕ್ಲಚ್ ಬಿಡಬೇಕು, ಅಷ್ಟರಲ್ಲಿ ಅಡುಗೆಯಾಕೆ ಕೈ ಬೀಸಿ ಕೂಗಿದರು. ಇಳಿದು ನೋಡಿದೆ. ಒಂದನೆಯ ತರಗತಿಯ ಹುಡುಗಿ ಬಂಪರ್ ಮುಂದೆ ಕುಕ್ಕರಗಾಲಲ್ಲಿ ಕೂತು ನಂಬರ್ ಪ್ಲೇಟಿನ ಅಂಕಿ ಓದುತ್ತಿದ್ದಳು. ನಾನೇ ಕಲಿಸಿದ ಅಂಕಿ. ನನಗೆ ಕೈಕಾಲು ತಣ್ಣಗಾದವು. ಸುಮಾರು ಹೊತ್ತು ಗಾಡಿ ಹತ್ತಲಿಲ್ಲ.

ಮನೆಗೆ ಬಂದು ಪ್ಲಾಸ್ಟಿಕ್ ಕೊಡವನ್ನು ಗಾಡಿ ಮುಂದೆ ಇಟ್ಟು ನೋಡಿದೆವು. ನಾನು ಸೀಟಿನಲ್ಲಿ ಕೂತೆ, ಮಗ ಕೊಡವನ್ನು ಒಂದೊಂದು ಹೆಜ್ಜೆ ಹಿಂದೆ ಸರಿಸುತ್ತಾ ಹೋದ. ಬಂಪರಿನಿಂದ ಸುಮಾರು ಒಂಬತ್ತು ಅಡಿ ದೂರ ಹೋದ ಮೇಲೆ ಕೊಡದ ಬಾಯಿ ಕಂಡಿತು. ಒಂಬತ್ತು ಅಡಿ! ಅಲ್ಲಿಯ ತನಕ ಅದು ನನ್ನ ಪಾಲಿಗೆ ಇರಲೇ ಇಲ್ಲ. ಸೀಟನ್ನು ಪೂರ್ತಿ ಮೇಲೆ ಏರಿಸಿದಾಗ ಎರಡು ಅಡಿ ಕಡಿಮೆಯಾಯಿತು, ಅಷ್ಟೇ. ಈ ಪರೀಕ್ಷೆಯನ್ನು ಕೊಳ್ಳುವ ಮೊದಲೇ ಮಾಡಬೇಕಿತ್ತು. ಹಿಂದಕ್ಕೆ ಕ್ಯಾಮೆರಾ ಇದೆ, ಮುಂದಕ್ಕೆ ಇಲ್ಲ. ಮರುದಿನದಿಂದ ಗಾಡಿಯನ್ನು ಶಾಲೆ ಅಂಗಳಕ್ಕೆ ಒಯ್ಯುವುದನ್ನೇ ಬಿಟ್ಟೆ. ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ನಿಲ್ಲಿಸುತ್ತೇನೆ. ಹತ್ತುವ ಮೊದಲು ಒಂದು ಸುತ್ತು ಹಾಕುತ್ತೇನೆ. ಮಳೆ ಇರಲಿ, ತಡವಾಗಲಿ, ಸುತ್ತು ತಪ್ಪಿಸುವುದಿಲ್ಲ.

ಮುಂದಿನ ಗಾಜಿನ ಪಕ್ಕದ ಕಂಬವೂ ದಪ್ಪ. ಗಟ್ಟಿತನಕ್ಕೆ ಹಾಗೆ ಮಾಡುತ್ತಾರೆ, ಅದು ಬೇಕು ಕೂಡ. ಆದರೆ ತಿರುವಿನಲ್ಲಿ ಒಂದು ಇಡೀ ಬೈಕು ಅದರ ಹಿಂದೆ ಅಡಗಿಬಿಡುತ್ತದೆ. ನಾನು ಈಗ ತಿರುವಿನಲ್ಲಿ ಮುಂದಕ್ಕೆ ಬಾಗಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಗಟ್ಟಿತನ ಅಂದಾಗ ಸ್ಟಾರ್ ಮಾತು ಬರುತ್ತದೆ. 2018ರಲ್ಲಿ ಟಾಟಾ ನೆಕ್ಸಾನ್, ಗಾಡಿಯನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೇಲೆ ನಮ್ಮಲ್ಲಿ ಜನ ಅದನ್ನು ಕೇಳಲು ಶುರು ಮಾಡಿದರು. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ನೋಡಿಯೇ ಕೊಳ್ಳಿ. ಆದರೆ ಆ ಪರೀಕ್ಷೆಯಲ್ಲಿ ಗೊಂಬೆಗಳು ಬೆಲ್ಟ್ ಹಾಕಿಕೊಂಡು ಕೂತಿರುತ್ತವೆ. ನಮ್ಮ ಹಿಂದಿನ ಸೀಟಿನ ಬೆಲ್ಟ್ ಕೊಂಡಿ ಕುಶನ್ ಒಳಗೆ ಹೂತಿರುತ್ತಿತ್ತು, ಅತ್ತೆಯ ಬೆರಳಿಗೆ ಸಿಗುತ್ತಿರಲಿಲ್ಲ. ಈಗ ಅವರು ಕೂತ ಕೂಡಲೇ ಮಗಳು ಹಾಕಿಕೊಡುತ್ತಾಳೆ.

ಅಗಲ ಕಡಿಮೆ, ಅದಂತೂ ನಿಜ. ಹಿಂದೆ ಅತ್ತೆ ಮತ್ತು ಇಬ್ಬರು ಮಕ್ಕಳಿಗೆ ಸರಿ. ಮೂವರು ದೊಡ್ಡವರು ಶಿರಸಿ ತನಕ ಕೂತರೆ ಭುಜಕ್ಕೆ ಭುಜ ತಾಗಿ ನಡುವಿನವರು ಸೋಲುತ್ತಾರೆ. ಎತ್ತರದ ಮೈ ಆದ್ದರಿಂದ ಓಲಾಟವೂ ಜಾಸ್ತಿ. ಅಂಕೋಲೆಗೆ ಹೋಗುವಾಗ ಅರಬೈಲ್ ಘಾಟಿನಲ್ಲಿ ಹಳೆ ಕಾರಿನ ವೇಗದಲ್ಲೇ ತಿರುಗಿಸಿದೆ, ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ನೆಟ್ಟಗಿನ ಹೆದ್ದಾರಿಯಲ್ಲಿ ಇನ್ನೊಂದು ಮೋಸ ಇದೆ. ಎತ್ತರದಲ್ಲಿ ಕೂತವರಿಗೆ ವೇಗ ಗೊತ್ತಾಗುವುದಿಲ್ಲ. 70 ಅಂದುಕೊಂಡು ಮೀಟರ್ ನೋಡಿದರೆ 95 ಇರುತ್ತದೆ.

ಸ್ಪೇರ್ ಟೈರು ಉಳಿದವಕ್ಕಿಂತ ಸಣ್ಣದು ಎಂದು ನನಗೆ ಗೊತ್ತಾದದ್ದು ಬಳ್ಳಾರಿ ಜಾಲಿ ಮುಳ್ಳು ಚುಚ್ಚಿ ಪಂಕ್ಚರ್ ಆದಾಗ. ಅದರ ಮೇಲೆ ವೇಗದ ಮಿತಿ ಬರೆದಿರುತ್ತಾರೆ, ಓದಿಕೊಳ್ಳಿ.

ನೀರಿನ ಮಾತು ಒಂದು ಹೇಳಲೇಬೇಕು. ಬೆಣ್ಣೆಹಳ್ಳ ಸುಮ್ನೆ ಇದ್ದಾಗ ಸುಮ್ನೆ ಇರುತ್ತದೆ. ಮೇಲೆಲ್ಲೋ ಮಳೆಯಾದರೆ ಗಂಟೆಯೊಳಗೆ ದಾರಿ ನುಂಗುತ್ತದೆ. ಹೋದ ವರ್ಷ ಮಳೆಗಾಲದಲ್ಲಿ ಶಾಲೆ ದಾರಿಯ ಸಣ್ಣ ಸೇತುವೆ ಮೇಲೆ ಮೊಣಕಾಲಷ್ಟು ನೀರು ಹರಿಯುತ್ತಿತ್ತು. ದಂಡೆಯಲ್ಲಿ ನಿಂತವರು, "ನಿಮ್ಮದು ಎತ್ತರ ಗಾಡಿ ಐತಲ್ರೀ ಬಾಯಾರ, ಹೊಡೀರಿ," ಅಂದರು. ನಾನು ತಿರುಗಿಸಿಕೊಂಡು ಬಂದೆ. ಹೊಟ್ಟೆ ನೆಲದಿಂದ ಎತ್ತರ ಇದ್ದ ಮಾತ್ರಕ್ಕೆ ಹರಿಯುವ ನೀರು ಗಾಡಿಯನ್ನು ತಳ್ಳದೆ ಬಿಡುವುದಿಲ್ಲ. ಎಂಜಿನ್ ಗಾಳಿ ಎಳೆಯುವ ಕೊಳವೆಗೆ ನೀರು ಹೋದರೆ ಎಂಜಿನ್ನೂ ಹೋಯಿತು. ಅವತ್ತು ಒಂದು ದಿನದ ರಜೆ ಹಾಕಿದೆ.

ಮೂರು ವರ್ಷದಲ್ಲಿ 52 ಸಾವಿರ ಕಿಲೋಮೀಟರ್ ಓಡಿದೆ. ನವಲಗುಂದ ರಸ್ತೆಯಲ್ಲಿ ಲೀಟರಿಗೆ 18, ಊರೊಳಗೆ 13. ಆಯಿಲ್ ಚೇಂಬರ್‌ಗೆ ಒಂದು ಗೀರೂ ಬಿದ್ದಿಲ್ಲ. ಇವತ್ತು ಮತ್ತೆ ಆರಿಸಬೇಕಾದರೂ ಇದೇ ಥರದ ಗಾಡಿ ಆರಿಸುತ್ತೇನೆ, ಆದರೆ ಸನ್‌ರೂಫ್ ಇರುವ ಮಾಡೆಲ್ ಬಿಟ್ಟು ಸುತ್ತಲೂ ಕ್ಯಾಮೆರಾ ಇರುವುದಕ್ಕೆ ದುಡ್ಡು ಕೊಡುತ್ತೇನೆ. ನಮ್ಮ ಗಾಡಿಗೆ ಮುಂದಿನ ಕ್ಯಾಮೆರಾ ಹೊರಗಿನಿಂದ ಕೂರಿಸಲು ಕೊಪ್ಪಿಕರ್ ರಸ್ತೆಯಲ್ಲಿ ವಿಚಾರಿಸಿ ಬಂದಿದ್ದೇನೆ. ವೈರಿಂಗ್ ಕತ್ತರಿಸದೆ ಮಾಡಿಕೊಡುತ್ತೇವೆ ಅಂದಿದ್ದಾರೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಮೊದಲು ಹಾಕಿಸಬೇಕು. ಹೊಸದಾಗಿ ಒಂದನೆಯ ತರಗತಿಗೆ ಹದಿನಾಲ್ಕು ಮಕ್ಕಳು ಬರುವವರಿದ್ದಾರೆ.