ಫೇಟ್ ಎಲ್ಲಿ, ಡೆಸ್ಟಿನಿ ಎಲ್ಲಿ?

ಇಂಗ್ಲಿಷ್‌ನಲ್ಲಿ ಬರೆಯುವವರಿಗೊಂದು ಸಲಹೆ. ‘ಹಣೆಬರಹ’ ಅನ್ನೋ ಕಡೆಯೆಲ್ಲ ಫೇಟ್ ಹಾಕಬೇಡಿ. ಫೇಟ್‌ಗೆ ಸಾಮಾನ್ಯವಾಗಿ ಕೆಡುಕಿನ ನೆರಳಿರುತ್ತೆ. ಡೆಸ್ಟಿನಿಯಲ್ಲಿ ಮುಂದೆ ತಲುಪಬೇಕಾದ ದೊಡ್ಡದೊಂದರ ಧ್ವನಿ. 1947ರ ಆಗಸ್ಟ್ 14ರ ರಾತ್ರಿ ನೆಹರು ‘ಟ್ರಿಸ್ಟ್ ವಿತ್ ಡೆಸ್ಟಿನಿ’ ಅಂದರು. ಅಲ್ಲಿ ಫೇಟ್ ಇಟ್ಟು ಓದಿ ನೋಡಿ, ಸ್ವಾತಂತ್ರ್ಯದ ಸಂಭ್ರಮವೇ ಇಳಿದುಹೋಗುತ್ತೆ. ಡೂಮ್ ಅಂದ್ರಂತೂ ಸರ್ವನಾಶವೇ (ಹಳೆಯ ಇಂಗ್ಲಿಷ್‌ನಲ್ಲಿ ಅದಕ್ಕೆ ತೀರ್ಪು ಅನ್ನೋ ಅರ್ಥ ಇತ್ತು).

ಜಾಸ್ತಿ ಎಡವೋದು ಫೇಟಲ್, ಫೇಟ್‌ಫುಲ್ ಹತ್ರ. ಫೇಟಲ್ ಆಕ್ಸಿಡೆಂಟ್ ಅಂದ್ರೆ ಜೀವ ಹೋಗಿದೆ ಅಂತ. ಫೇಟ್‌ಫುಲ್ ಡೇ ಅಂದ್ರೆ ಮುಂದಿನದ್ದನ್ನೆಲ್ಲ ತಿರುಗಿಸಿಬಿಟ್ಟ ದಿನ, ಹೆಚ್ಚಾಗಿ ಕೆಟ್ಟ ಕಡೆಗೇ. ಮದುವೆ ವಾರ್ಷಿಕೋತ್ಸವಕ್ಕೆ ‘ದಟ್ ಫೇಟ್‌ಫುಲ್ ಡೇ’ ಅಂತ ಸ್ಟೇಟಸ್ ಹಾಕೋ ಮುಂಚೆ ಮನೆಯವರ ಮುಖ ಒಂದ್ಸಲ ನೋಡ್ಕೊಳ್ಳಿ!